ಒಬ್ಬರೇ ಕುಡಿಯಬಾರದ ಹಾಲು

೧೯೩೪, ಜೂನ್ ೧೧, ಸೋಮವಾರ

ಇವತ್ತು ಇವರು ಬಂದರು. ಒಂಬತ್ತು ವರ್ಷದ ಮೇಲೆ.

ಟಾಂಗಾ ನಾಲ್ಕಾರು ಬಿಡಾರಗಳ ನಮ್ಮ ವಾಡೆಯ ಮುಂದೆ ನಿಂತಾಗ ಮಲಕಪ್ಪ ಭಾವ ಒಬ್ಬ ಮುದುಕನನ್ನು ಕೈಹಿಡಿದು ಇಳಿಸುತ್ತಿದ್ದರು. ಮಲಕಪ್ಪ ಭಾವ ಇವರ ದೊಡ್ಡಪ್ಪನ ಮಗ, ಈ ಮರಾಠಿ ಊರಿನ ರವಿವಾರ ಪೇಠೆಯಲ್ಲಿ ಸೀರೆ ಅಂಗಡಿ ಇಟ್ಟವರು. ಹಡಗಿನಿಂದ ಇವರನ್ನು ಇಳಿಸಿಕೊಳ್ಳಲು ಮುಂಬಯಿಗೆ ಹೋಗಿದ್ದರು. ಇವರು ಎಲ್ಲಿ ಎಂದು ನಾನು ಟಾಂಗಾದ ಒಳಗೆ ಇಣುಕಿದೆ. ಅತ್ತೆ "ಅಯ್ಯೋ ನನ್ನ ಈರಣ್ಣಾ!" ಎಂದು ಆ ಮುದುಕನನ್ನೇ ತಬ್ಬಿಕೊಂಡಾಗ ತಿಳಿಯಿತು. ಮೂವತ್ತನಾಲ್ಕರ ಗಂಡಸು. ಮುಖದಲ್ಲಿ ಮೂಗು ಕಣ್ಣು ಬಿಟ್ಟರೆ ಏನೂ ಉಳಿದಿಲ್ಲ.

ಇವರು ಕಚ್ಛಿ ವ್ಯಾಪಾರಿಯೊಬ್ಬನ ಗುಮಾಸ್ತರಾಗಿ ಆಫ್ರಿಕಾಕ್ಕೆ ಹೋಗಿದ್ದರು. ನೈರೋಬಿಯಲ್ಲಿ ಒಂದೆರಡು ವರ್ಷ, ಆಮೇಲೆ ಎಲ್ಲೋ ಒಳನಾಡಿನಲ್ಲಿ, ಮಸಾಯಿ ಎಂಬ ದನಗಾಹಿಗಳ ಸೀಮೆಯಲ್ಲಿ, ಆ ವ್ಯಾಪಾರಿಯದೇ ಅಂಗಡಿ. ಅಷ್ಟು ನನಗೆ ಗೊತ್ತು. ಮದುವೆಯಾಗಿ ಮಾತು ರೂಢಿಯಾಗುವ ಮೊದಲೇ ಹೊರಟವರು. ನನಗಾಗ ಹದಿನೈದು.

ಬಿಸಿ ಹಾಲಿಗೆ ಸಕ್ಕರೆ ಹಾಕಿ ಕೊಟ್ಟೆ. ಲೋಟ ಹಿಡಿದು ಕೋಣೆಯ ಸುತ್ತ ಒಮ್ಮೆ ನೋಡಿದರು, ಯಾರನ್ನೋ ಹುಡುಕಿದಂತೆ. ಆಮೇಲೆ ಕೆಳಗಿಟ್ಟರು. ಕೆನೆಗಟ್ಟುವವರೆಗೂ ಅದು ಅಲ್ಲೇ ಇತ್ತು.

ಕಲಿತ ಅಕ್ಷರ ಮರೆಯಬೇಡ, ನಾಲ್ಕು ಸಾಲಾದರೂ ಬರೆ ಎಂದು ಅಪ್ಪ ಹೇಳುತ್ತಿದ್ದ. ಕನ್ನಡ ಸಾಲೆಯ ಮಾಸ್ತರ, ಅವನಿಗೆ ಅದೇ ಚಿಂತೆ. ಇವತ್ತು ನಾಲ್ಕಕ್ಕಿಂತ ಹೆಚ್ಚಾಯಿತು.

ಜೂನ್ ೧೩

ಡಾಕ್ಟರರು ಬಂದು ನಾಲಿಗೆ ನೋಡಿದರು. ಇವರ ನಾಲಿಗೆ ಸಿಪ್ಪೆ ಸುಲಿದಂತೆ ಕೆಂಪಗಿದೆ. ಸಂಗ್ರಹಣಿಯಂತೆ, ತಿಂದದ್ದೇನೂ ಮೈಗೆ ಹತ್ತದ ಬೇನೆ. ಅನ್ನ ಬೇಡ, ರೊಟ್ಟಿ ಬೇಡ, ಕಾಳು ಬೇಡ. "ಫಕ್ತ ದೂಧ," ಎಂದರು. ಬರೀ ಹಾಲು, ದಿನಕ್ಕೆ ಆರೇಳು ಸಲ, ತಿಂಗಳುಗಟ್ಟಲೆ. ಹಾಲು ಹೊಟ್ಟೆಯಲ್ಲಿ ನಿಂತರೆ ಬದುಕುತ್ತಾರೆ, ಇಲ್ಲದಿದ್ದರೆ ದೀಪಾವಳಿ ಕಾಣುವುದು ಕಷ್ಟ ಎಂದು ಬಾಗಿಲ ಹೊರಗೆ ಬಂದು ಹೇಳಿದರು.

ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೂ "ಏನಂದ್ರವಾ?" ಎಂದು ನನ್ನನ್ನು ಕೇಳಿದರು. ಹಾಲು ಕುಡಿದರೆ ಆರಾಮಾಗುತ್ತದಂತೆ ಎಂದೆ. ಅತ್ತೆ ಕೂಡಲೇ ದೇವರ ಮುಂದೆ ಕೂತು, ಮಗ ಎದ್ದು ಓಡಾಡುವ ತನಕ ತಾನು ಹಾಲು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ಹೊರಲು ಬೇರೇನೂ ಸಿಗಲಿಲ್ಲವೇನೋ.

ಜೂನ್ ೧೭

ಕುಡಿಯುತ್ತಿಲ್ಲ. ಆರು ಸಲ ಕಾಯಿಸುತ್ತೇನೆ, ಆರು ಸಲ ಮುಂದಿಡುತ್ತೇನೆ. ನಾನು ಬಾಗಿಲಲ್ಲಿ ನಿಂತರೆ ಗೋಡೆಗೆ ಮುಖ ಮಾಡುತ್ತಾರೆ. ನಾನು ಹೋದ ಮೇಲೆ ಒಂದೆರಡು ಗುಟುಕು ಹೋಗುತ್ತದೆ, ಅದೂ ವಾಂತಿ. ವಾಡೆಯ ಬೆಕ್ಕು ದುಂಡಗಾಗುತ್ತಿದೆ.

ಇವರ ಟ್ರಂಕಿನಲ್ಲಿ ಒಂದು ಸೋರೆ ಬುರುಡೆ ಇತ್ತು. ತೊಗಲಿನ ಮುಚ್ಚಳ, ಸುತ್ತ ಸಣ್ಣ ಮಣಿ. ಒಳಗೆ ಮಸಿ ಹಿಡಿದು ಕಮಟು ಹೊಗೆ ವಾಸನೆ. ಅತ್ತೆ ಅದನ್ನು ಬೂದಿ ಹುಣಸೆಹಣ್ಣು ಹಾಕಿ ಬೆಳ್ಳಗಾಗುವ ತನಕ ತಿಕ್ಕಿದರು. ತೊಳೆದು ಒಣಗಿಸಿದ ಬುರುಡೆಯನ್ನು ಇವರು ಮೂಗಿಗೆ ಹಿಡಿದು ನೋಡಿದರು. ಪಕ್ಕಕ್ಕೆ ಇಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಜೂನ್ ೨೪, ಭಾನುವಾರ

ಕುಡಿದರು. ತುಂಬಿದ ಲೋಟ.

ಮಲಕಪ್ಪ ಭಾವ ನೋಡಲು ಬಂದಿದ್ದರು. ಚಹಾ ಬೇಡ, ತಮ್ಮನಿಗೆ ಮಾಡಿದ್ದರಲ್ಲೇ ನನಗೂ ಒಂದಿಷ್ಟು ಹಾಲು ಕೊಡು ಎಂದರು. ಇಬ್ಬರಿಗೂ ಕೊಟ್ಟು ಒಳಗೆ ಬಂದೆ. ಹಿಂತಿರುಗಿ ಹೋದಾಗ ಇವರ ಲೋಟ ಖಾಲಿ. ವಾಂತಿಯೂ ಆಗಲಿಲ್ಲ. ಅತ್ತೆಗೆ ಹೋದ ಜೀವ ಬಂತು.

ನನಗೂ ಸಂತೋಷವಾಗಬೇಕಿತ್ತು. ಅದೇ ಹಾಲು, ಅದೇ ಲೋಟ, ಕಾಯಿಸಿದ ಕೈಯೂ ಇದೇ. ನಾನು ಮುಂದಿದ್ದರೆ ಮಾತ್ರ ಗಂಟಲಿಗೆ ಇಳಿಯುವುದಿಲ್ಲ. ಅಲ್ಲಿ ಯಾರನ್ನೋ ಮಾಡಿಕೊಂಡಿದ್ದಾನೆ ಎಂದು ಪಕ್ಕದ ಮನೆಯ ಅಜ್ಜಿ ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದರು, ನನಗೆ ಕೇಳಲಿ ಎಂದೇ.

ಜುಲೈ ೨

ಗುಟ್ಟು ಹೊರಬಿತ್ತು. ಮಲಕಪ್ಪ ಭಾವ ದಿನಾ ಸಂಜೆ ಬಂದು ಇವರೊಡನೆ ಹಾಲು ಕುಡಿಯುತ್ತಿದ್ದಾರೆ. ಆ ಒಂದು ಹೊತ್ತು ಮಾತ್ರ ಇವರದೂ ಇಳಿಯುತ್ತದೆ. ಇವತ್ತು ಹೋಗುವಾಗ ಭಾವ ಅಡುಗೆ ಮನೆಯ ಬಾಗಿಲಿಗೆ ಬಂದು ನಕ್ಕರು.

"ಪಾರವ್ವಾ, ನಿನ್ನ ಗಂಡ ದೊಡ್ಡ ಆಚಾರದಂವ ಆಗಿ ಬಂದಾನ ನೋಡು. ಆ ಮಸಾಯಿ ಮಂದ್ಯಾಗ ಹರೇದ ಹುಡುಗ್ರು ಹಾಲು ಒಬ್ಬರ ಕುಡಿಯಂಗಿಲ್ಲಂತ. ಜೋಡಿ ಬೇಕಂತ. ಲಗ್ನಾದ ಹೆಂಗಸರ ಕಣ್ಣಮುಂದ ಉಣ್ಣೂದಂತೂ ದೂರ ಉಳೀತು."

"ಅವರೇನು ಮಸಾಯಿ ಏನ್ರಿ? ಹರೇದ ಹುಡುಗರೇನ್ರಿ?" ಎಂದೆ.

"ನನ್ನ ಕೇಳಿದ್ರ? ಅವನ ಕೇಳು."

ಅತ್ತೆ ಕೂತಲ್ಲಿಂದಲೇ "ಊರಿಗೊಂದು ದಾರಿ ಆದ್ರ ಪೋರಗೊಂದು ದಾರಿ," ಎಂದು ಹಣೆ ಚಚ್ಚಿಕೊಂಡರು.

ಬೇರೆ ಹೆಂಗಸಿಲ್ಲ ಎಂದು ತಿಳಿದು ಮನಸ್ಸು ಹಗುರವಾಗಬೇಕಿತ್ತು. ಸಿಟ್ಟು ಬಂತು. ಒಬ್ಬರೇ ಉಣ್ಣಬಾರದಂತೆ! ಒಂಬತ್ತು ವರ್ಷ ನಾನು ಅತ್ತೆಯ ಊಟವಾದ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತು ಉಂಡಿದ್ದೇನೆ. ನನಗೇನೂ ಆಗಲಿಲ್ಲ.

ಜುಲೈ ೯

ಭಾವ ಇನ್ನು ಬರುವುದಿಲ್ಲ. ಬೇನೆ ಅಂಟುತ್ತದೆ, ಮನೆಯಲ್ಲಿ ಸಣ್ಣ ಮಕ್ಕಳಿವೆ ಎಂದು ಅವರ ಹೆಂಡತಿ ಹಟ ಹಿಡಿದಿದ್ದಾರೆ. ಅಂಟುವುದಿಲ್ಲ ಎಂದು ಡಾಕ್ಟರರೇ ಹೇಳಿದರೂ ಕೇಳುವವರು ಯಾರು? ವಾಡೆಯಲ್ಲೂ ಅದೇ ಮಾತು. ನಳದ ಹತ್ತಿರ ನನ್ನ ಕೊಡ ಇಟ್ಟರೆ ಇತರರು ತಮ್ಮ ಕೊಡವನ್ನು ಅತ್ತ ಸರಿಸುತ್ತಾರೆ.

ಅತ್ತೆ ಮಗನ ಎದುರು ಕೂತು ಕುಡಿಸಲು ನೋಡಿದರು. ಅವರ ಕೈಯಲ್ಲಿ ನೀರಿನ ತಂಬಿಗೆ, ಹಾಲು ಮುಟ್ಟುವಂತಿಲ್ಲವಲ್ಲ. ಇವರು ತಲೆ ತಗ್ಗಿಸಿ "ಅವ್ವಾ, ನೀ ಎದ್ದು ಹೋಗು," ಎಂದರು. ಹರಕೆ ಬಿಡಿ ಎಂದು ನಾನು ಹೇಳಿದೆ. "ದೇವರ ಮುಂದ ಆಡಿದ ಮಾತು ತಿರಗಿ ನುಂಗಲೇನ? ಆಮ್ಯಾಲೆ ಏನರ ಆದ್ರ?" ಎಂದು ಅತ್ತರು. ಏನಾದರೂ ಆಗುತ್ತಲೇ ಇದೆ, ಅವರಿಗೆ ಕಾಣುತ್ತಿಲ್ಲ.

ಜುಲೈ ೧೬

ಕುಡಿಯಲಿಲ್ಲ.

ಜುಲೈ ೧೯

ಒಂದು ಗುಟುಕು. ಮಳೆ ನಿಂತಿಲ್ಲ. ಬಟ್ಟೆ ಒಣಗುವುದಿಲ್ಲ.

ಜುಲೈ ೨೩

ಏಳಲಾಗುತ್ತಿಲ್ಲ. ನಾನು ಎತ್ತಿ ಕೂರಿಸಿದೆ. ನನ್ನಂಥವಳು ಗಂಡಸನ್ನು ಎತ್ತುವುದೆಂದರೆ ಅವರ ಭಾರ ಎಷ್ಟಿರಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣದೇ ಮಲಗುವ ಮನೆಯಲ್ಲಿ ಎಲ್ಲಿಯ ತನಕವೋ. ನನಗೆ ಹೆದರಿಕೆಯಾಗಿದೆ.

ಜುಲೈ ೨೮, ಶನಿವಾರ

ಅತ್ತೆ ಸಂತೆಗೆ ಹೋಗಿದ್ದರು. ನಾನು ಅರ್ಧ ತೆರೆದ ಬಾಗಿಲಿನ ಹಿಂದೆ, ಇವರಿಗೆ ಕಾಣದಂತೆ ಕೂತು ಕೇಳಿಯೇ ಬಿಟ್ಟೆ. "ಯಾರ ಜೋಡಿ ಕುಡೀತಿದ್ರಿ ಅಲ್ಲಿ?"

ಹಾಸಿಗೆಯಲ್ಲಿ ಹೊರಳಿದ ಸದ್ದಾಯಿತು. ಆಮೇಲೆ, "ಲೆಕಿಶೋನ," ಎಂದರು.

ಇವರ ಬಾಯಿಂದ ಅಷ್ಟು ಮಾತು ಬಂದದ್ದು ಇವತ್ತೇ ಮೊದಲು. ಲೆಕಿಶೋನ ದನ ಕಾಯುವ ಹುಡುಗ, ಇವರಿಗಿಂತ ಚಿಕ್ಕವನು, ತಾಳೆ ಮರದಷ್ಟು ಎತ್ತರ. ಅಂಗಡಿಗೆ ಮಣಿ, ತಂತಿ ಕೊಳ್ಳಲು ಬರುತ್ತಿದ್ದ. ಇವರು ಮಾಂಸ ಮುಟ್ಟುವುದಿಲ್ಲ ಎಂದಾಗ ಅವನಿಗೆ ಬೆರಗಾಗಲಿಲ್ಲವಂತೆ, ಗೌರವ ಬಂತಂತೆ. ಅವರಲ್ಲಿ ಮಾಂಸ ತಿಂದ ದಿನ ಹಾಲು ಕುಡಿಯುವಂತಿಲ್ಲ. ಎರಡನ್ನೂ ಒಂದೇ ಹೊಟ್ಟೆಗೆ ಹಾಕಿದರೆ ಹಾಲು ಕೊಟ್ಟ ಆಕಳಿಗೆ ಅವಮಾನ. "ನೀ ದಿನಾ ಹಾಲಿನ ದಿನದಂವ," ಎಂದು ಇವರಿಗೆ ಹೆಸರಿಟ್ಟನಂತೆ.

ಬುರುಡೆಯ ಹೊಗೆ ಕೊಳೆಯಲ್ಲವಂತೆ. ಒಂದು ಮರದ ಕೆಂಡವನ್ನು ಒಳಗೆ ಹಾಕಿ ಕುಲುಕಿ ಕುಲುಕಿ ಮಸಿ ಹತ್ತಿಸುತ್ತಾರೆ. ಅದರಲ್ಲಿ ಹಾಲು ಕೆಡುವುದಿಲ್ಲ, ರುಚಿಯೂ ಬರುತ್ತದೆ. ಅತ್ತೆ ತಿಕ್ಕಿ ತೊಳೆದದ್ದು ಆ ರುಚಿಯನ್ನು.

"ರಕ್ತಾನೂ ಕುಡೀತಾರಂತಲ್ರಿ?" ಎಂದೆ. ಭಾವ ಹೇಳಿದ್ದರು.

"ಕುಡೀತಾರ. ಜಡ್ಡಿನವರಿಗೆ, ಹಡದವರಿಗೆ. ಆಕಳ ಕೊಳ್ಳಿನ ನರಕ್ಕ ಸಣ್ಣ ಬಾಣ ಹೊಡೀತಾರ. ಬೇಕಾದಷ್ಟು ಹಿಡಕೊಂಡು ಗಾಯ ಮುಚ್ಚತಾರ. ಆಕಳ ಮೇಯಾಕ ಹೋಗತದ. ನಾ ಕುಡದಿಲ್ಲ. ಅಂವ ಒಮ್ಮೆನೂ ಬಲವಂತ ಮಾಡಲಿಲ್ಲ."

ಕೊರಳಿನ ಲಿಂಗ ಹಿಡಿದುಕೊಂಡು ಕೂತೆ. ಆದರೆ ಎದ್ದು ಹೋಗಲಿಲ್ಲ.

ಲೆಕಿಶೋನ ದೂರದ ಮೇವಿನಿಂದ ಹಸಿದು ಬರುತ್ತಿದ್ದ. ಹೆಗಲಲ್ಲಿ ತುಂಬಿದ ಬುರುಡೆ. ಆದರೂ ಇವರು ಅಂಗಡಿ ಮುಚ್ಚುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಇಬ್ಬರೂ ಒಂದೇ ಬುರುಡೆಯಿಂದ ಕುಡಿದ ಮೇಲೆಯೇ ಮಾತು. ಹೋದ ವರ್ಷ ಹುಲ್ಲು ಒಣಗಿತು. ಅವನು ಹಾಲು ಕರೆಯುವ ಆಕಳುಗಳನ್ನು ಹೊಡೆದುಕೊಂಡು ಗುಡ್ಡದ ಕಡೆ ಹೋದ. ಜೊತೆಯವರು ಮುಂದೆ ಹೋದರು. ಹಿಂದೆ ಉಳಿದ ಲೆಕಿಶೋನನಿಗೆ ಜ್ವರ ಬಂತು.

"ಹುಡುಕಿದವರು ಹೇಳಿದ್ರು. ಪಕ್ಕದಾಗ ಬುರುಡಿ ಇತ್ತಂತ. ತುಂಬಿತ್ತಂತ. ಜ್ವರದಾಗ ಹಸದು ಸತ್ತ, ಹಾಲು ಬಗಲಾಗ ಇಟಗೊಂಡು. ಒಬ್ಬನ ಇದ್ದ, ಅದಕ್ಕ. ಹೋಗೂಮುಂದ ನನ್ನ ಕರದಿದ್ದ. ಅಂಗಡಿ ಅದ, ಬರಾಕ ಆಗೂದಿಲ್ಲ ಅಂದೆ."

ಆಮೇಲೆ, "ಲೋಟ ಬಾಯಿಗೆ ಹಿಡದ್ರ ಗಂಟಲಾ ಮುಚ್ಚತದ. ನಾ ಬೇಕಂತ ಮಾಡೂದಲ್ಲ," ಎಂದರು.

ನನ್ನ ಕೈಯ ಮೇಲೆ ಸಿಟ್ಟಲ್ಲ. ಅಷ್ಟೇ ಅಲ್ಲ, ನನ್ನ ಯೋಚನೆಯೇ ಅಲ್ಲಿ ಇರಲಿಲ್ಲ. ಯಾವುದು ಹೆಚ್ಚು ನೋವೋ ತಿಳಿಯದು.

ಆಗಸ್ಟ್ ೪

ಡಾಕ್ಟರರು ನಾಡಿ ಹಿಡಿದು ನೋಡಿದರು. ಫೀಸು ಬೇಡ ಎಂದರು. ಅದು ಒಳ್ಳೆಯ ಲಕ್ಷಣವಲ್ಲ.

ಆಗಸ್ಟ್ ೧೫, ಬುಧವಾರ, ಪಂಚಮಿ

ಹಬ್ಬ ಮಾಡುವ ಮನಸ್ಸಿರಲಿಲ್ಲ. ಆದರೂ ಪಂಚಮಿಯ ಹಾಲು ಬಿಡುವಂತಿಲ್ಲ. ಅತ್ತೆ ನಸುಕಿನಲ್ಲೇ ತಮ್ಮ ಪೂಜೆ ಮುಗಿಸಿ ಮಠಕ್ಕೆ ಹೋದರು. ನಾನು ಮಣ್ಣಿನ ನಾಗಪ್ಪನನ್ನು ಇವರ ಹಾಸಿಗೆಯ ಎದುರಿನ ಮೂಲೆಯಲ್ಲಿಟ್ಟು, ನಮ್ಮೂರಿನಂತೆ ಕೊಬ್ಬರಿ ಬಟ್ಟಲಲ್ಲಿ ಹಾಲು ಎರೆದೆ. ಒಬ್ಬೊಬ್ಬರ ಹೆಸರು ಹೇಳಿ ಎರೆಯಬೇಕು. ದೇವರ ಪಾಲ, ಗುರುವಿನ ಪಾಲ, ಅಪ್ಪನ ಪಾಲ, ಅವ್ವನ ಪಾಲ, ಅತ್ತೀ ಪಾಲ.

ಇವರು ಕಣ್ಣು ತೆರೆದು ನೋಡುತ್ತಿದ್ದರು. "ಎಲ್ಲಾರದೂ ಎರೀತೀ?"

"ಹೆಸರು ಇದ್ದವರದೆಲ್ಲಾ."

"ದೂರ ಇದ್ದವರದು?"

"ಒಂಬತ್ತು ವರ್ಷ ನಿಮ್ಮದು ಎರದೀನಲ್ರಿ."

ಬಹಳ ಮೆಲ್ಲಗೆ, "ಸತ್ತವರದು?" ಎಂದರು.

ಹಿರಿಯರ ಪಾಲು ಎಂದು ಎರೆಯುವುದುಂಟು. ಲೆಕಿಶೋನ ನಮಗೆ ಹಿರಿಯನೂ ಅಲ್ಲ, ಬಂಧುವೂ ಅಲ್ಲ, ರಕ್ತ ಕುಡಿಯುವವನು. ಇಷ್ಟೆಲ್ಲ ಯೋಚನೆ ಈಗ ಬರೆಯುವಾಗ ಬರುತ್ತಿದೆ. ಆಗ ಏನೂ ಬರಲಿಲ್ಲ. ಬಟ್ಟಲು ಅದ್ದಿ, "ಲೆಕಿಶೋನನ ಪಾಲ," ಎಂದು ಎರೆದುಬಿಟ್ಟೆ.

ಇವರು ಅತ್ತರು. ನೀರಿಲ್ಲದ ಮೈಯಲ್ಲಿ ಕಣ್ಣೀರು ಎಲ್ಲಿತ್ತೋ. ನಾನು ಉಳಿದ ಹಾಲನ್ನು ಎರಡು ಬಟ್ಟಲಿಗೆ ಹಾಕಿ ತಂದೆ. ಒಂದನ್ನು ಇವರ ಕೈಗೆ ಕೊಟ್ಟೆ. ಇನ್ನೊಂದನ್ನು ನೋಡಿ, "ಅದು ಯಾರು ಕುಡಿಯೂದು?" ಎಂದರು.

"ಅವನ ಪಾಲು ನಾ ಕುಡೀತೀನಿ," ಎಂದೆ.

ಗಂಡ ಉಣ್ಣುವ ಮೊದಲು, ಗಂಡನ ಎದುರು ಕೂತು ಬಾಯಿಗೆ ಏನನ್ನೂ ಇಟ್ಟವಳಲ್ಲ ನಾನು. ಮುಖ ಉರಿಯಿತು. ಕಣ್ಣು ಮುಚ್ಚಿ ಅರ್ಧ ಕುಡಿದೆ. ತೆರೆದಾಗ ಇವರ ತುಟಿಯ ಮೇಲೆ ಹಾಲು ಬೆಳ್ಳಗಿತ್ತು. ಬಟ್ಟಲು ಬರಿದು. ಸಂಜೆಯ ತನಕ ಕಾದೆ. ವಾಂತಿಯಾಗಲಿಲ್ಲ.

ಆಗಸ್ಟ್ ೨೨

ದಿನಕ್ಕೆ ಆರು ಸಲ ಹಾಲು ಕುಡಿದು ನನಗೇ ಓಕರಿಕೆ. ನನ್ನ ಬಟ್ಟಲಿಗೆ ಸ್ವಲ್ಪವೇ ಹಾಕಿಕೊಳ್ಳುತ್ತೇನೆ. ಇವರು ಇಣುಕಿ ನೋಡುತ್ತಾರೆ. "ಮೋಸ ಮಾಡಬ್ಯಾಡ, ಜೋಡಿ ಅಂದ್ರ ಸಮಾ ಇರಬೇಕು," ಎನ್ನುತ್ತಾರೆ.

ಲಗ್ನವಾದ ಹೆಂಗಸಿನ ಮುಂದೆ ಹೇಗೆ ಕುಡಿಯುತ್ತೀರಿ ಎಂದು ಕೇಳಿದೆ. "ಹಾಲು ಹಿಡಕೊಂಡು ಕುಂತಾಗ ನೀ ಹೆಂಗಸಲ್ಲ, ಜೋಡಿ," ಎಂದರು. ಇದು ಹೊಗಳಿಕೆಯೋ ಬೈಗುಳವೋ ಎಂದು ಪಾತ್ರೆ ತಿಕ್ಕುತ್ತ ಬಹಳ ಹೊತ್ತು ಯೋಚಿಸಿದೆ.

ಸೆಪ್ಟೆಂಬರ್ ೫

ಅತ್ತೆ ನೋಡಿಬಿಟ್ಟರು. "ಗಂಡನ ಮುಂದ ಚಕ್ಕಳಮಕ್ಕಳ ಹಾಕ್ಕೊಂಡು ಹಾಲು ಕುಡಿತಾಳ! ಹಿಂತಾದ್ದು ನಮ್ಮ ಮನಿತನದಾಗ ಕಂಡಿಲ್ಲ, ಕೇಳಿಲ್ಲ," ಎಂದು ಶುರುವಾದದ್ದು, ಇವರು ಎದ್ದು ಕೂತಿರುವುದು ಕಣ್ಣಿಗೆ ಬಿದ್ದಾಗ ಅಲ್ಲಿಗೇ ನಿಂತಿತು. ಆಮೇಲೆ ತಾವೇ ಹೊರಗಿನ ಬಾಗಿಲು ಹಾಕಿ ಬಂದರು. ಈಗ ಹಾಲಿನ ಹೊತ್ತಿಗೆ ಹೊರಗೆ ಕೂತು ಜಪ ಮಾಡುತ್ತಾರೆ, ಯಾರೂ ಬರದಂತೆ.

ನಳದ ಹತ್ತಿರ ಪಕ್ಕದ ಅಜ್ಜಿ, "ಹಾಲು ಕುಡಿದ ಮಕ್ಕಳೇ ಬದುಕೂದಿಲ್ಲ," ಎಂಬರ್ಥದ್ದನ್ನು ಮರಾಠಿಯಲ್ಲಿ ಅಂದರು. ನಮ್ಮವರು ಬದುಕುತ್ತಾರೆ ಎಂದು ಕೊಡ ಎತ್ತಿಕೊಂಡು ಬಂದೆ.

ಸೆಪ್ಟೆಂಬರ್ ೧೯

ನಾವು ಮಂಡಿಯಿಂದ ತರಿಸಿದ ಒಣ ಸೋರೆಗೆ ಬೇವಿನ ಕೆಂಡ ಹಾಕಿ ಕುಲುಕಿದೆವು. ಇವರು ಕೂತು ಹೇಳಿದರು, ನಾನು ಕುಲುಕಿದೆ. ಬುರುಡೆ ಸುಟ್ಟು ತೂತಾಯಿತು. ಇವರು ನಕ್ಕರು. ಇವರು ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತದೆ, ನನಗೆ ಗೊತ್ತೇ ಇರಲಿಲ್ಲ. ನನ್ನ ಹೆಸರು ಹಿಡಿದು ಕರೆಯುತ್ತಾರೆ ಈಗ. ಲೆಕಿಶೋನ ಹಾಡುವಾಗ ಹೇಗೆ ನಿಂತಲ್ಲೇ ಜಿಗಿಯುತ್ತಿದ್ದ ಎಂದು ಹೇಳಿದರು. ನಮ್ಮಪ್ಪ ಕಾಗುಣಿತದ ಬಳ್ಳಿ ಹಾಕಿಸುವಾಗ ಹುಡುಗರ ಕಿವಿ ಹೇಗೆ ಹಿಂಡುತ್ತಿದ್ದ ಎಂದು ನಾನು ಹೇಳಿದೆ. ಮಧ್ಯಾಹ್ನ ಮಲಕಪ್ಪ ಭಾವ ಎರಡು ತಿಂಗಳ ಮೇಲೆ ನೋಡಲು ಬಂದರು. ಸರಿಯಾಗಿ ಹಾಲಿನ ಹೊತ್ತಿಗೆ. ಇವರು ಭಾವನೊಡನೆ ಕುಡಿದರು. ನಾನು ಅಡುಗೆ ಮನೆಯಲ್ಲಿದ್ದೆ. ಬರುವವರು ಹೊತ್ತು ನೋಡಿ ಬರಬಾರದೇ?

ಅಕ್ಟೋಬರ್ ೮

ಡಾಕ್ಟರರು ನಾಲಿಗೆ ನೋಡಿ ಬೆನ್ನು ತಟ್ಟಿದರು. ಇನ್ನು ಗಂಜಿ ಕೊಡಬಹುದು, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ರೊಟ್ಟಿ. ಇವರು ವಾಡೆಯ ಬಾಗಿಲ ತನಕ ನಡೆದು ಅವರನ್ನು ಕಳಿಸಿ ಬಂದರು. ಅತ್ತೆ ಹರಕೆ ಮುಗಿಸಿ ಒಂದು ಲೋಟ ಹಾಲು ಕುಡಿದು ಕಣ್ಣೊರೆಸಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಪುಣ್ಯಾದಿಂದ ನನ್ನ ಮಗಾ ಉಳದ," ಎಂದರು.

ಬಹಳ ಸಂತೋಷದ ದಿನ. ಯಾಕೋ ತಲೆನೋವು, ಬೇಗ ಮಲಗಿದೆ.

ಅಕ್ಟೋಬರ್ ೨೬

ಈಗ ಹಾಲು ಎರಡೇ ಹೊತ್ತು. ಉಳಿದದ್ದಕ್ಕೆ ಅನ್ನ. ಅನ್ನಕ್ಕೆ ಜೋಡಿ ಬೇಡವಂತೆ. ಅಲ್ಲಿ ಅನ್ನ ಇರಲಿಲ್ಲವಲ್ಲ, ಅದಕ್ಕೆ ಕಟ್ಟಳೆಯೂ ಇಲ್ಲ. ಅತ್ತೆ ಬಡಿಸುತ್ತಾರೆ, ಇವರು ಉಣ್ಣುತ್ತಾರೆ, ಆಮೇಲೆ ಅತ್ತೆ, ಆಮೇಲೆ ನಾನು. ಮನೆ ಮತ್ತೆ ಸರಿದಾರಿಗೆ ಬಂತು ಎಂದು ಅತ್ತೆ ಹೇಳಿದರು.

ನವೆಂಬರ್ ೮, ದೀಪಾವಳಿ ಪಾಡ್ಯ

ದೀಪಾವಳಿ ಕಂಡರು. ಕಂಡದ್ದಷ್ಟೇ ಅಲ್ಲ, ಹೊಸ ಧೋತರ ಉಟ್ಟು ಪಂಕ್ತಿಯಲ್ಲಿ ಕೂತರು. ಮಲಕಪ್ಪ ಭಾವ ಬಂದಿದ್ದರು, ಅವರ ಅಂಗಡಿಯ ಶಿವರುದ್ರಪ್ಪನವರು, ಹೊಳಬಸಪ್ಪನವರು ಬಂದಿದ್ದರು. ಇವರಿಗೆ ಭಾವನ ಅಂಗಡಿಯಲ್ಲೇ ಕೆಲಸ, ಬರುವ ಸೋಮವಾರದಿಂದ. ಈಗ ಬೇನೆ ಅಂಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿದೆ.

ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ಭಾವ ಆಫ್ರಿಕಾದ ಸುದ್ದಿ ತೆಗೆದರು. "ಅಲ್ಲೋ ಈರಣ್ಣಾ, ಒಬ್ಬರ ಹಾಲು ಕುಡಿಯಂಗಿಲ್ಲಂತಿದ್ದಿ, ಆ ಹುಚ್ಚ ಬಿಡತೇನ?"

ಇವರು ನಕ್ಕರು. "ಜಡ್ಡಿನ್ಯಾಗಿನ ಮಾತು ಬಿಡೋ ಅಣ್ಣಾ. ಜಡ್ಡಿನಂವಗ ಏನೇನೋ ಅನಸತಾವ."

ಎಲ್ಲರೂ ನಕ್ಕರು. ಎಲ್ಲರ ಹೋಳಿಗೆಗೂ ತುಪ್ಪ ಬಡಿಸಿದೆ. ಇವರ ಎಲೆಗೆ ಬಡಿಸುವಾಗ ಇವರು ಹೊಳಬಸಪ್ಪನವರೊಡನೆ ಮಾತಾಡುತ್ತಿದ್ದರು, ಸಾಕೆಂದು ಕೈ ಅಡ್ಡ ಹಿಡಿದರು. ತಪ್ಪೇನಿಲ್ಲ. ಗಂಡಸರ ಪಂಕ್ತಿಯಲ್ಲಿ ಹೆಂಡತಿಯ ಮುಖ ನೋಡುವ ಗಂಡಸು ಎಲ್ಲಿದ್ದಾನೆ? ಏಳುವಾಗ ಮಾತ್ರ ನನ್ನ ಕಡೆ ತಿರುಗಿ, "ಭಾಳ ಹೊತ್ತಾತು, ನೀವೂ ಅತ್ತಿ ಸೊಸಿ ಉಣ್ಣಹೋಗ್ರಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಒಳಗೆ ಹೋಗಿ ಒಲೆಯ ಮುಂದೆ ಕೂತಾಗ ಅಳು ಬಂತು. ಹೊಗೆ ಎಂದು ಅತ್ತೆಗೆ ಹೇಳಿದೆ. ದೇವರು ಕೇಳಿದ್ದೆಲ್ಲ ಕೊಟ್ಟಿರುವಾಗ ಹೀಗೆ ಅಳುವುದು ಅಪಶಕುನ.

ನವೆಂಬರ್ ೧೨, ಸೋಮವಾರ

ಅಂಗಡಿಗೆ ಹೊರಟರು. ಎರಡು ಬಟ್ಟಲು ಹಾಲು ಕಾಯಿಸಿ ತಂದೆ. ಇವರು ನಿಂತೇ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತ, ಒಂದನ್ನು ಎತ್ತಿ ಒಂದೇ ಉಸಿರಿಗೆ ಕುಡಿದು ಇಟ್ಟರು. ನಾನು ಇನ್ನೂ ಕೂತಿರಲೂ ಇಲ್ಲ. "ಬರ್ತೀನಿ," ಎಂದು ಹೋದರು. ಗಂಟಲಲ್ಲಿ ಒಂದಿಷ್ಟೂ ತಡೆಯಲಿಲ್ಲ. ಪೂರ್ತಿ ಗುಣವಾಗಿದ್ದಾರೆ.

ಇನ್ನೊಂದು ಬಟ್ಟಲಿನ ಹಾಲಿಗೆ ಹೆಪ್ಪು ಹಾಕಿದೆ.

ನವೆಂಬರ್ ೨೧

ಅತ್ತೆ ಮೂರು ದಿನದಿಂದ ಭಾವನ ಮನೆಯಲ್ಲಿದ್ದಾರೆ. ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ರೊಟ್ಟಿ ಬಡಿದೆ, ಬದನೆಕಾಯಿ ಪಲ್ಯ ಚೆನ್ನಾಗಿಯೇ ಆಗಿತ್ತು. ತಾಟಿಗೆ ಹಾಕಿಕೊಂಡು ಕೂತೆ. ಹಸಿವೂ ಇತ್ತು. ತುತ್ತು ಬಾಯಿಗಿಟ್ಟರೆ ಕೆಳಗೆ ಇಳಿಯಲೊಲ್ಲದು. ಪಿತ್ತವಿರಬೇಕು, ಸುಂಠಿ ಕಷಾಯ ಮಾಡಿ ನೋಡಬೇಕು. ನಿನ್ನೆಯೂ ಹೀಗೇ, ಮೊನ್ನೆಯೂ ಹೀಗೇ.

ಬಿಸಿಲು ಅಂಗಳ ದಾಟಿ ಹೋಗುವ ತನಕ ತಾಟಿನ ಮುಂದೆ ಕೂತಿದ್ದೆ, ಕೋಣೆಯ ಸುತ್ತ ನೋಡುತ್ತ. ಆಮೇಲೆ ಎಲ್ಲವನ್ನೂ ಮುಚ್ಚಿಟ್ಟೆ.

ಸಂಜೆ ಇವರು ಬಂದು ಕೈಕಾಲು ತೊಳೆದು, "ಉಂಡ್ಯಾ ಪಾರವ್ವಾ?" ಎಂದು ಕೇಳಿದರು.

ಉಂಡೆ ಎಂದೆ.